ತಿನ್ನುವವರಿಲ್ಲದ ರೊಟ್ಟಿ

ಅಜ್ಜಿಯಾದ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿದೆ. ಆಗಬಾರದಿತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಮಗಳು ಸವಿತಾ ಹೆಣ್ಣು ಹೆತ್ತಿದ್ದಾಳೆ. ಆ ಒಂಬತ್ತು ವರ್ಷ ಬೀರಪ್ಪ ದೇವರಿಗೆ ನಾನು ಒಡೆದ ಕಾಯಿಗಳ ಚಿಪ್ಪು ಕೂಡಿಟ್ಟಿದ್ದರೆ ಒಂದು ಚಳಿಗಾಲ ಪೂರ್ತಿ ಸ್ನಾನದ ನೀರು ಕಾಯಿಸಬಹುದಿತ್ತು. ಕೂಸಿಗೆ ಈಗ ನಾಲ್ಕು ತಿಂಗಳು. ಹೆಸರು ಆದ್ಯಾ ಅಂತೆ. ನಾನು ಗುಬ್ಬವ್ವ ಅನ್ನುತ್ತೇನೆ. ಅವಳು ಎರಡಕ್ಕೂ ತಿರುಗಿ ನೋಡುವುದಿಲ್ಲ. ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಇಲ್ಲ. ಇದನ್ನು ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿದ್ದೇನೆ, ಕಂಡಕ್ಟರಿಗೂ ಹೇಳಿದ್ದೇನೆ. ಇಷ್ಟು ಖುಷಿ ತುಂಬಿಕೊಂಡವಳಿಗೆ ಸಿಟ್ಟೆಲ್ಲಿಂದ ಬಂತು ಎಂದು ನೀವು ಕೇಳಬೇಕು, ನಾನು ಹೇಳಬೇಕು.

ಕುಳಗೇರಿ ಕ್ರಾಸಿನ ಖಾನಾವಳಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದೇನೆ. ಕೂಸು ಹುಟ್ಟಿದ ವಾರದಲ್ಲೇ ಊರವರೆಲ್ಲ ಸೇರಿ ಬರೀ ಮಾತಿನಲ್ಲೇ ನನ್ನನ್ನು ಆ ಕೆಲಸದಿಂದ ತೆಗೆದುಹಾಕಿದರು. ಮೊದಲು ಬಂದವಳು ಪಕ್ಕದ ಮನೆಯ ಮಲ್ಲವ್ವ.

“ಸಾಕು ಬಿಡ ನೀಲವ್ವಾ, ಇನ್ನೇನು ದುಡಿಯೂದು? ಮೊಮ್ಮಗಳು ಬಂದಾಳ, ತೊಟ್ಲಾ ತೂಗ್ಕೋತ ಕೂಡು.”

ಆಮೇಲೆ ಬಂದವರೂ ಇದನ್ನೇ ಹೇಳಿದರು, ಒಬ್ಬರ ಬಾಯಿಂದ ಇನ್ನೊಬ್ಬರು ಕಲಿತಂತೆ. ಅಲ್ಲ, ಅಜ್ಜಿಯಾಗುವುದೆಂದರೆ ಸರ್ಕಾರದ ವರ್ಗಾವಣೆ ಆದೇಶವೇ? ನನ್ನ ತಮ್ಮ ಭೀಮಪ್ಪ ಇದೇ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ನಾಲ್ಕು ಮೊಮ್ಮಕ್ಕಳು. ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ತೊಟ್ಟಿಲು ತೂಗು ಹೋಗು ಎಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ನಾಲ್ಕು ಸಲ ಪೇಢೆ ಹಂಚಿದ, ನಾಲ್ಕು ಸಲವೂ ಕೈ ಒರೆಸಿಕೊಂಡು ಟೈರಿನ ಮುಂದೆ ಕುಳಿತ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ದೊಡ್ಡ ಮಾತು ಆಡಲು ಬರುವುದಿಲ್ಲ. ಆದರೆ ಜೋಳದ ಹಿಟ್ಟಿನ ವಿಷಯದಲ್ಲಿ ಯಾವ ಪಂಡಿತರು ಬಂದರೂ ಎದುರು ಕುಳಿತುಕೊಳ್ಳುತ್ತೇನೆ. ಹಿಟ್ಟು ಬೀಸಿ ನಾಲ್ಕು ದಿನ ದಾಟಿದರೆ ಜಿಗಿ ಹೋಗುತ್ತದೆ, ಆಗ ಕುದಿಯುವ ನೀರು ಒಂದು ಗುಟುಕು ಹೆಚ್ಚು ಬೇಕು. ಮಳೆ ಮೋಡ ಇದ್ದರೆ ಒಂದು ಗುಟುಕು ಕಡಿಮೆ. ಇದು ಪುಸ್ತಕದಲ್ಲಿಲ್ಲ, ಅಂಗೈಯಲ್ಲಿದೆ. ಖಾನಾವಳಿಯ ಒಲೆಯ ಮುಂದೆ ಒಂದು ಸಣ್ಣ ಕಿಟಕಿ ಇದೆ. ಅದರಿಂದ ಉಣ್ಣುವವರ ಮುಖ ಕಾಣುವುದಿಲ್ಲ, ತಟ್ಟೆ ಮತ್ತು ಕೈ ಮಾತ್ರ ಕಾಣುತ್ತವೆ. ಹಂಚಿನಿಂದ ತೆಗೆದ ರೊಟ್ಟಿ ಉಬ್ಬಿದ ಹಾಗೆಯೇ ಆ ತಟ್ಟೆಗೆ ಹೋಗಬೇಕು. ಕೈ ನೋಡಿ ಹಸಿವು ಅಳೆಯುವುದನ್ನು ಅಲ್ಲಿ ಕಲಿತೆ. ಮೊದಲ ತುತ್ತು ಮುರಿಯುವಾಗ ಬೆರಳು ಅವಸರ ಮಾಡಿದರೆ ಅವನಿಗೆ ನಾಲ್ಕು ರೊಟ್ಟಿ; ಕೇಳುವ ಮೊದಲೇ ಬಡಿದಿಡುತ್ತೇನೆ.

ಈ ನಡುವೆ ಅಳಿಯ ಮಂಜುನಾಥ ಒಂದು ಸುದ್ದಿ ತಂದ. ಬಾದಾಮಿಯಲ್ಲಿ ಅವರ ಮನೆಯ ಹತ್ತಿರವೇ ಹೊಸ ಹೋಟೆಲ್ಲೊಂದು ಆಗಿದೆ, ಗುಹೆ ನೋಡಲು ಬಂದ ಪ್ರವಾಸಿಗರು ಉಣ್ಣುವ ಜಾಗ. ಅಲ್ಲಿ ರೊಟ್ಟಿ ಬಡಿಯುವವರು ಬೇಕಂತೆ.

“ಅತ್ತೀ, ನಮ್ಮ ಮನಿಯಿಂದ ಐದು ನಿಮಿಷದ ದಾರಿ. ಕೆಲಸಾ ಮುಗಿಸಿ ಬಂದ್ರಿ ಅಂದ್ರ ಕೂಸು ನಿಮ್ಮ ಮಡಿಲಾಗ. ನಮ್ಮ ಕೂಡನ ಇರ್ರಿ.”

ನೋಡಿ, ಇಷ್ಟು ಜನರಲ್ಲಿ ಕೆಲಸ ಬಿಡು ಅನ್ನದೆ ಕೆಲಸ ಬದಲಿಸು ಅಂದವನು ಇವನೊಬ್ಬನೇ. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಈಗ ನಾನು ಗುಬ್ಬವ್ವನನ್ನು ನೋಡುವುದು ವಾರಕ್ಕೊಮ್ಮೆ. ಒಂದು ವಾರದಲ್ಲಿ ಕೂಸು ಎಷ್ಟು ಬದಲಾಗುತ್ತದೆ ಗೊತ್ತೇ? ಹೋದ ಸಲ ಮಗುಚಿಕೊಳ್ಳಲು ಬರುತ್ತಿರಲಿಲ್ಲ, ಈ ಸಲ ಹೋಗುವಷ್ಟರಲ್ಲಿ ಮಗುಚಿ ಆಗಿತ್ತು. ಆ ಮೊದಲ ಮಗುಚು ನನಗೆ ತಪ್ಪಿತು. ಅದು ಮತ್ತೆ ಬರುವುದಿಲ್ಲ.

ಖಾನಾವಳಿಯ ಮಾಲೀಕ ಸಂಗಪ್ಪನಿಗೆ ವಿಷಯ ಹೇಳಿದರೆ ಅವನು ನಕ್ಕ.

“ಯಕ್ಕಾ, ನೀ ಎಲ್ಲಿ ಹೋಗ್ತಿ? ಈ ವಯಸ್ಸಿನಾಗ ನಿನ್ನ ಯಾರು ಕರೀತಾರ?”

ಹತ್ತೊಂಬತ್ತು ವರ್ಷ ಅವನ ಒಲೆಯ ಮುಂದೆ ಕುಳಿತು ನನ್ನ ಮುಂಗೈ ಕೂದಲು ಸುಟ್ಟುಹೋಗಿವೆ. ಹೋಗಬೇಡ ಎಂದಿದ್ದರೆ ಅಲ್ಲೇ ಕರಗುತ್ತಿದ್ದೆನೇನೋ. ನಕ್ಕನಲ್ಲ, ಮರುದಿನವೇ ಬಾದಾಮಿ ಬಸ್ಸು ಹತ್ತಿದೆ.

ಆ ಹೋಟೆಲ್ಲಿನಲ್ಲಿ ಊಟದ ಕೋಣೆಯ ನಡುವೆ ಒಂದು ಗುಡಿಸಲು ಕಟ್ಟಿದ್ದಾರೆ. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ. ಒಳಗೆ ಗ್ಯಾಸು, ಹೊರಗೆ ಕಟ್ಟಿಗೆ ಒಲೆಯ ವೇಷ, ಬೆಂಕಿಯ ಜಾಗದಲ್ಲಿ ಕೆಂಪು ಬಲ್ಬು. ಅದರ ಮುಂದೆ ನನ್ನನ್ನು ಕೂಡಿಸಿದರು. ಇರಲಿ, ಹಿಟ್ಟು ಹಿಟ್ಟೇ ತಾನೇ ಎಂದು ಶುರು ಮಾಡಿದೆ. ಜನ ಬಂದರು, ಮೊಬೈಲ್ ಹಿಡಿದರು, ಹೋದರು. ಬುಟ್ಟಿ ತುಂಬಿತು. ಮಧ್ಯಾಹ್ನವಾದರೂ ಒಂದು ರೊಟ್ಟಿಯೂ ಕದಲಲಿಲ್ಲ. ಉಪ್ಪು ಹೆಚ್ಚಾಯಿತೇನೋ ಎಂದು ಗಾಬರಿಯಾಗಿ ಒಂದನ್ನು ಮುರಿದು ತಿಂದು ನೋಡಿದೆ. ಸರಿಯಾಗಿಯೇ ಇತ್ತು. ತಟ್ಟೆ ಎತ್ತುವ ಹೆಂಗಸನ್ನು ಕರೆದು ಕೇಳಿದೆ.

“ಇವು ನೋಡಾಕ ಅಷ್ಟ ರೀ ಯಕ್ಕಾ. ತಿನ್ನಾಕ ಒಳಗ ಮಷಿನ್ ಐತಿ, ಎಲ್ಲಾ ಒಂದ ಅಳತಿ ಬರ್ತಾವ.”

ನಾನು ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿಟ್ಟು ಮ್ಯಾನೇಜರನನ್ನು ಕರೆಸಿದೆ. ಬೆಂಗಳೂರು ಕಡೆಯ ಹುಡುಗ, ಬಹಳ ಮರ್ಯಾದೆಯಿಂದಲೇ ಮಾತಾಡಿದ.

“ಅಮ್ಮ, ಅದನ್ನ ಯಾರೂ ತಿನ್ನಬೇಕಾಗಿಲ್ಲ. ನೀವು ಕೂತು ಬಡೀತಾ ಇದ್ರೆ ಸಾಕು. ಸಂಜೆ ಎಮ್ಮೆ ಸಾಕೋರು ಬಂದು ತಗೊಂಡು ಹೋಗ್ತಾರೆ.”

“ಹಂಗಾರ ಎಮ್ಮಿಗಾದ್ರೂ ಬಿಸಿ ಇದ್ದಾಗ ಕೊಡ್ರಿ,” ಎಂದು ಎದ್ದೆ.

ಅವನಿಗೆ ನಾನು ಸಿಟ್ಟಾಗಿದ್ದೇ ತಿಳಿಯಲಿಲ್ಲ. ಕೆಲಸ ಹಗುರವಾಗಿದೆ, ಕೂತೇ ಮಾಡಬಹುದು, ಒಲೆಯ ಹೊಗೆಯಿಲ್ಲ, ಇನ್ನೇನು ಬೇಕು ಎಂದು ಪಾಪ ಹಿಂದೆಯೇ ಬಂದ. ರೊಟ್ಟಿಯನ್ನು ತಿನ್ನಬೇಕು ಎಂಬುದನ್ನು ಒಬ್ಬ ಓದಿದ ಮನುಷ್ಯನಿಗೆ ನಾನು ಹೇಗೆ ವಿವರಿಸಲಿ? ಮೈಯೆಲ್ಲ ಉರಿಯುತ್ತಿತ್ತು. ಐದು ನಿಮಿಷದ ದಾರಿಯನ್ನು ಮೂರೇ ನಿಮಿಷದಲ್ಲಿ ನಡೆದು ಸವಿತಾಳ ಮನೆ ಸೇರಿದೆ.

ಎಲ್ಲ ಕೇಳಿದ ಮೇಲೆ ಅವಳು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಹೇಳಿದಳು, “ಯವ್ವಾ, ರೊಟ್ಟಿ ಯಾರರ ತಿನ್ನಲಿ ಬಿಡಲಿ, ನೀ ದಿನಾ ಇಲ್ಲಿಗೆ ಬರ್ತೀಯಲ್ಲ? ನಂಗ ಅಷ್ಟ ಸಾಕು.”

ಗುಬ್ಬವ್ವ ನನ್ನ ಮೂಗುತಿ ಹಿಡಿದು ಜಗ್ಗುತ್ತಿದ್ದಳು. ಖರೆ ಹೇಳುತ್ತೇನೆ, ಆ ಗಳಿಗೆಯಲ್ಲಿ ಹೂಂ ಎನ್ನಲು ಬಾಯಿ ತೆರೆದಿದ್ದೆ. ಎಮ್ಮೆ ತಿಂದರೆ ತಿನ್ನಲಿ, ಎಮ್ಮೆಯೇನು ನನ್ನ ವೈರಿಯೇ? ಅಷ್ಟರಲ್ಲಿ ಕೂಸು ಅಳಲು ಶುರು ಮಾಡಿತು. ಯಾಕೆಂದು ನೋಡಿದರೆ, ನಾನು ಅದನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದೆ. ಹೋಟೆಲ್ಲಿನ ಸಿಟ್ಟು ಇನ್ನೂ ತೋಳಿನಲ್ಲೇ ಇತ್ತು. ಆಗ ಹೊಳೆಯಿತು, ಆ ಕೆಲಸ ಹಿಡಿದರೆ ದಿನಾ ಬರುತ್ತೇನೆ, ನಿಜ. ಆದರೆ ದಿನಾ ಈ ತೋಳುಗಳನ್ನೇ ತರುತ್ತೇನೆ. ದಣಿದ ಅಜ್ಜಿಯನ್ನು ಕೂಸು ಸಹಿಸುತ್ತದೆ. ಅವಮಾನವಾದ ಅಜ್ಜಿಯನ್ನು ಅದು ಯಾಕೆ ಸಹಿಸಬೇಕು?

ಹಾಗೆಂದು ವಾರಕ್ಕೊಮ್ಮೆ ನೋಡುವುದಕ್ಕೂ ಮನಸ್ಸು ಒಪ್ಪಲಿಲ್ಲ. ಮರುದಿನ ಖಾನಾವಳಿಗೆ ಹೋಗಿ ಸಂಗಪ್ಪನ ಮುಂದೆ ನಿಂತೆ. “ಇನ್ನ ಮುಂದ ಮಧ್ಯಾಹ್ನದ ಊಟಾ ಮುಗಿದ ಕೂಡ್ಲೆ ನಾ ಬಾದಾಮಿ ಬಸ್ ಹತ್ತಾಕಿ. ಮುಂಜಾನಿ ಹೊಳ್ಳಿ ಬರ್ತೇನಿ. ಒಪ್ಪಿದ್ರ ಒಲಿ ಹಚ್ತೇನಿ.”

“ಸಂಜೀ ರೊಟ್ಟಿ ಯಾರು ಬಡೀತಾರ?”

“ನಿನ್ನ ಹೇಣ್ತಿ ಕೈಗೇನಾಗೇತಿ?”

ಒಳಗೆ ಬದನೆಕಾಯಿ ಹೆಚ್ಚುತ್ತಿದ್ದ ಅವನ ಹೆಂಡತಿ ಕಸ್ತೂರಿ ಅಲ್ಲಿಂದಲೇ ಕೂಗಿದಳು, “ಯಕ್ಕಾ, ನೀ ಕಲಿಸಿಕೊಡು, ಇವನ ಕೈಲೇನ ಬಡಸ್ತೇನಿ!”

ಸಂಗಪ್ಪ ಈ ಸಲ ನಗಲಿಲ್ಲ. ತಾನೇ ಹೋಗಿ ಒಲೆಗೆ ಕಟ್ಟಿಗೆ ಇಟ್ಟ. ಅವನು ಹೂಂ ಅನ್ನುವುದು ಹಾಗೆಯೇ.

ಅವತ್ತು ಮೂರನೆಯ ಪಂಕ್ತಿ ನಡೆದಿತ್ತು. ಒಬ್ಬ ಲಾರಿ ಡ್ರೈವರ್ ತಟ್ಟೆ ಹಿಡಿದುಕೊಂಡೇ ಒಲೆಯ ತನಕ ಬಂದ. “ಯಾರಬೇ ಯವ್ವಾ ಇವನ್ನ ಬಡಿದಾಕಿ? ಅಂಚು ಇಷ್ಟು ದಪ್ಪ ಆಗ್ಯಾವ, ಮನಸ್ಸೆಲ್ಲಿಟ್ಟಿದ್ದಿ?”

ಬೇರೆ ದಿನವಾಗಿದ್ದರೆ ಸೌಟು ತೋರಿಸುತ್ತಿದ್ದೆ. ಅಂದು ಅವನ ಬೈಗುಳ ಕಿವಿಗೆ ಜೇನು ಬಿಟ್ಟ ಹಾಗಿತ್ತು. ತಿಂದವನಲ್ಲದೆ ಇನ್ನಾರಿಗೆ ಗೊತ್ತಾಗಬೇಕು ಅಂಚಿನ ದಪ್ಪ? ಹಂಚಿನ ಮೇಲೆ ಉಬ್ಬುತ್ತಿದ್ದುದನ್ನು ತೆಗೆದು ಅವನ ತಟ್ಟೆಗೆ ಹಾಕಿದೆ.

ಮುರಿದು ಬಾಯಿಗಿಟ್ಟುಕೊಂಡ. “ಇದೂ ದಪ್ಪ ಐತಿ,” ಅಂದ. ಪೂರ್ತಿ ತಿಂದ.