ಹೊಲಿಗೆಯಲ್ಲಿ ಉಳಿದ ಸೂಜಿ

ನನ್ನ ಮೇಜಿನ ಮೇಲೆ, ಕಾಗದಗಳು ಹಾರದಿರಲೆಂದು ಇಟ್ಟಿರುವ ಲಾಳಾಕಾರದ ಅಯಸ್ಕಾಂತವೊಂದಿದೆ. ಕೆಂಪು ಬಣ್ಣ ಉದುರಿ, ಕಟ್ಟಿದ ನೂಲು ಮಾಸಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಉಕ್ಕಿನ ಚೂರನ್ನು ತುದಿಯಲ್ಲಿ ಕಚ್ಚಿಕೊಂಡು ಕುಳಿತಿದೆ. ಗ್ರಹಗಳ ಕಾಂತಕ್ಷೇತ್ರಕ್ಕಾಗಿ ಜೀವಮಾನವಿಡೀ ತಲೆ ಕೆಡಿಸಿಕೊಂಡವನ ಮೇಜಿಗೆ ಇದು ತಕ್ಕದ್ದೇ ಎಂದು ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಆ ಚೂರಿನ ಕಥೆಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ನನ್ನ ಮುಖ ನೋಡುತ್ತಿಲ್ಲ.

ಅಯಸ್ಕಾಂತ ನನ್ನ ಅಪ್ಪನದು. ನಮ್ಮ ಮನೆಮಾತಿನಲ್ಲಿ ಅದು ಕಾಂದಂ. ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ ಮನೆತನ ನಮ್ಮದು, ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೊಲಿದು ಬಂದ ಪ್ರತಿಯೊಂದು ಬನಿಯನ್ನಿನ ಪಟ್ಟಿಯ ಮೇಲೂ ಕಾಂದಂ ಓಡಿಸಿ, ಯಂತ್ರದ ಸೂಜಿ ಮುರಿದು ಹೊಲಿಗೆಯೊಳಗೆ ಉಳಿದಿದ್ದರೆ ಹುಡುಕಿ ತೆಗೆಯುವುದು ಅಪ್ಪನ ಕೆಲಸ. ತಮ್ಮ ಕೈ ದಾಟಿದ ಬಟ್ಟೆ ಯಾರ ಮೈಯನ್ನೂ ಚುಚ್ಚಿಲ್ಲವೆಂಬುದು ಅವರಿಗಿದ್ದ ಒಂದೇ ಒಂದು ಜಂಬ. ಕಣ್ಣಿಗೆ ಕಾಣದ್ದು ಬೆರಳನ್ನು ಮೆಲ್ಲಗೆ ಜಗ್ಗುವ ಆ ಸೋಜಿಗವನ್ನು ಅವರಿಂದ ಕಲಿತೇ ನಾನು ಭೌತವಿಜ್ಞಾನಿಯಾದದ್ದು.

ಎಂಬತ್ತಾರರಲ್ಲಿ, ನೌಕೆಯೊಂದು ಯುರೇನಸ್ಸಿನ ಪಕ್ಕ ಹಾದು, ಅದರ ಕಾಂತಕ್ಷೇತ್ರ ವಿಪರೀತ ವಾರೆಯಾಗಿದೆ ಎಂದು ತಿಳಿಸಿದ ಹೊಸತರಲ್ಲಿ, ಕೊಯಮತ್ತೂರಿನ ಕಾಲೇಜೊಂದು ನನ್ನನ್ನು ಉಪನ್ಯಾಸಕ್ಕೆ ಕರೆಯಿತು. ಆಗಷ್ಟೇ ಹೊಲಿದಿಳಿಸಿದ ಹೊಸ ಬನಿಯನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಅಪ್ಪ ಬಸ್ಸಿಳಿದರು. ಅಂಗಿಯೊಳಗೆ ಅದನ್ನೇ ತೊಟ್ಟೆ. ಆದರೆ ಕೂದಲಲ್ಲಿ ಹತ್ತಿಯ ಎಳೆ ಮೆತ್ತಿಕೊಂಡಿದ್ದ ಅವರನ್ನು ಹಿಂದಿನ ಬೆಂಚಿಗೆ ಕಳಿಸಿದೆ. ತಂದೆಯವರೇನು ಮಾಡುತ್ತಾರೆಂದು ಪ್ರಿನ್ಸಿಪಾಲರು ಕೇಳಿದರೆ, ‘ಎಕ್ಸ್‌ಪೋರ್ಟ್’ ಎಂದುಬಿಟ್ಟೆ.

ಗ್ರಹಗಳ ನಡುವಿನ ಕಾಂತಕ್ಷೇತ್ರ ಎಷ್ಟು ನವಿರೆಂದರೆ, ನೌಕೆಯ ಸ್ವಂತ ಮೈಯ ಕಾಂತತೆಯೇ ಅದನ್ನು ಮುಚ್ಚಿಹಾಕೀತು. ಅದಕ್ಕೇ ಅಳೆಯುವ ಉಪಕರಣವನ್ನು ಉದ್ದನೆಯ ತೋಳೊಂದರ ತುದಿಯಲ್ಲಿ, ಮೈಯಿಂದ ಆದಷ್ಟು ದೂರ ಇಡುತ್ತಾರೆ. ಇದನ್ನು ತೋರಿಸಿಕೊಡಲು ಗಡಿಯಾರ, ಬೀಗದಕೈ, ಬೆಲ್ಟು ಎಲ್ಲವನ್ನೂ ಬಿಚ್ಚಿಟ್ಟು, ಈಗ ನನ್ನ ಮೇಲೆ ಕಬ್ಬಿಣದ ಸೋಂಕೇ ಇಲ್ಲವೆಂದು ಠೀವಿಯಿಂದ ಸಾರಿ, ಮೇಜಿನ ಮೇಲಿದ್ದ ಅಂಥದೇ ಉಪಕರಣದ ಬಳಿ ಹೋದೆ. ಮುಳ್ಳು ಹುಚ್ಚೆದ್ದು ಕುಣಿಯಿತು. ಹಿಂದೆ ಸರಿದರೆ ಸುಮ್ಮನಾಯಿತು, ಹತ್ತಿರ ಹೋದರೆ ಮತ್ತೆ ಕುಣಿಯಿತು. ಸಭೆ ಗೊಳ್ಳೆಂದು ನಕ್ಕಿತು.

ಆಗ ಅಪ್ಪ, ಜೇಬಿನಿಂದ ಕಾಂದಂ ತೆಗೆಯುತ್ತಾ, ವೇದಿಕೆ ಹತ್ತಿಯೇಬಿಟ್ಟರು.

“ಕಣ್ಣೂ, ಬನಿಯನ್ ಪಟ್ಟೀಲಿ ಊಸಿ ಮುರ್ದು ನಿಂತದೆ. ತಪ್ಪು ನಂದೇ. ಬಸ್ಸಿಗೆ ಹೊತ್ತಾಯ್ತು ಅಂತ ಕಾಂದಂ ಓಡಿಸ್ದೇ ತಂದ್ಬುಟ್ಟೆ. ತಿರುಗು ಸಾಮಿ, ಒಂದೇ ನಿಮಿಷ.”

ತಮಗಿದ್ದ ಒಂದೇ ಜಂಬವನ್ನು ಅಷ್ಟು ಜನರೆದುರು ನನಗಾಗಿ ಕಳಚಿಡಲು ಬಂದಿದ್ದರು. ನಾನೇನು ಮಾಡಿದೆ ಗೊತ್ತೇ? “ಯಾರುಂಗ ಇವರು?” ಎಂದು ತಮಿಳಿನಲ್ಲಿ ಸಂಘಟಕರನ್ನು ಕೇಳಿದೆ. ಹೆತ್ತ ಅಪ್ಪನನ್ನು ತೋರಿಸಿ, ಯಾರಿವರು ಎಂದು ಕೇಳಿದೆ. ಅಪ್ಪ ಕಾಂದಂ ಜೇಬಿಗಿಳಿಸಿ, ಯಾರೂ ತೋಳು ಹಿಡಿಯುವ ಮೊದಲೇ, ತಾವೇ ಮೆಟ್ಟಿಲಿಳಿದು ಹೊರಟುಹೋದರು.

ಸಭೆ ಮುಗಿದ ಮೇಲೆ ಕೋಣೆಯಲ್ಲಿ ಬನಿಯನ್ ಕಳಚಿ ತಡವಿದರೆ, ಕೆಳಗಿನ ಪಟ್ಟಿಯಲ್ಲಿ ಸೂಜಿಯ ಮೊನೆ ಇತ್ತು. ಅದನ್ನು ಬೆಂಕಿಪೆಟ್ಟಿಗೆಯೊಂದರಲ್ಲಿಟ್ಟುಕೊಂಡು, ಕ್ಷಮೆ ಕೇಳಲೆಂದೇ ಮಾರನೆಯ ದಿನ ತಿರುಪ್ಪೂರಿಗೆ ಹೋದೆ. ಅಪ್ಪ ನನ್ನನ್ನು ಬಯ್ಯಲಿಲ್ಲ, ಮುಖ ತಿರುಗಿಸಲೂ ಇಲ್ಲ.

“ಊಸಿ ಸಿಕ್ತಾ ಕಣ್ಣೂ?” ಎಂದರು.

ಸಿಕ್ಕಿತೆಂದರೆ, ಸರಿಯಾದದ್ದನ್ನೇ ಹೇಳಿದವರನ್ನು ಸಭೆಯಿಂದ ಅಟ್ಟಿದೆನೆಂದು ಒಪ್ಪಿಕೊಂಡಂತೆ. ಬೆಂಕಿಪೆಟ್ಟಿಗೆ ಜೇಬಿನಲ್ಲೇ ಇತ್ತು. “ಇಲ್ಲಪ್ಪಾ” ಎಂದೆ.

“ಹಂಗಾದ್ರೆ ನಾನೇ ಸುಮ್ಕೆ ಮೇಲೆ ಬಂದು ನಿನ್ ಮಾನ ಕಳ್ದ್ಬುಟ್ನಲ್ಲ ಸಾಮಿ” ಎಂದು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಎಷ್ಟು ಕರೆದರೂ ನನ್ನ ಒಂದು ಉಪನ್ಯಾಸಕ್ಕೂ ಬರಲಿಲ್ಲ. ನನ್ನ ಪಾಲಿನ ನಾಚಿಕೆಯನ್ನು ಕೊನೆಯವರೆಗೂ ತಮ್ಮದೆಂದೇ ಹೊತ್ತರು.

ನೌಕೆ ಕಳಿಸಿದ ಅಳತೆಗಳಿಂದ ಅದರ ಸ್ವಂತ ಮೈಯ ಪಾಲನ್ನು ಕಳೆದು ಶುದ್ಧಗೊಳಿಸುವ ವಿದ್ಯೆಯಲ್ಲಿ ನನಗೆ ಒಳ್ಳೆಯ ಹೆಸರಿದೆ. ನಾನು ಮಾತ್ರ ತೋಳನ್ನು ಚಾಚುತ್ತ ಚಾಚುತ್ತ ಮನೆಯಿಂದಲೇ ದೂರ ಹೋದೆ. ಈಗ ತಪ್ಪೊಪ್ಪಿಕೊಳ್ಳುತ್ತಿರುವುದಾದರೂ ಯಾವುದರಲ್ಲಿ? ಮನೆಯಲ್ಲಿ ಬದುಕಿಡೀ ಆಡಿದರೂ ಅಪ್ಪನಿಗೆ ಓದಲು ಬಾರದಿದ್ದ ಕನ್ನಡ ಅಕ್ಷರಗಳಲ್ಲಿ!

ಅಪ್ಪ ಹೋದ ಮೇಲೆ ಕಾಂದಂ ನನಗೆ ಬಂತು. ಬೆಂಕಿಪೆಟ್ಟಿಗೆ ತೆರೆದು ಹತ್ತಿರ ಹಿಡಿದೆ. ಮೊನೆ ಚಿಮ್ಮಿ ಹೋಗಿ ಅಂಟಿಕೊಂಡಿತು. ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕಾಗದಗಳು ಹಾರದಿರಲೆಂದು ಇಟ್ಟಿದ್ದೇನೆ ಎಂದೆನಲ್ಲ, ಅದೂ ಸುಳ್ಳು. ಈ ಕೋಣೆಗೆ ಗಾಳಿಯೇ ಬರುವುದಿಲ್ಲ.