ಸುಳಿಗಾಳಿಗೆ ಹಾಸಿದ ಕಂಬಳಿ

ಹಳೆಯ ಉಣ್ಣೆಯ ವಾಸನೆ, ಅದರೊಳಗೆ ಒಣಗಿಹೋದ ಹುಣಸೆಬೀಜದ ಗಂಜಿಯ ಹುಳಿವಾಸನೆ. ಚಳ್ಳಕೆರೆಯ ನನ್ನ ಬಾಡಿಗೆ ಮನೆಯಲ್ಲಿ ಕಪಾಟು ತೆರೆದಾಗಲೆಲ್ಲ ಅದು ಎದ್ದು ಬರುತ್ತದೆ, ನಾನು ಏನು ತೆಗೆಯಲು ಬಂದಿದ್ದೆ ಎಂಬುದೇ ಮರೆತುಹೋಗುತ್ತದೆ. ತಳದಲ್ಲಿ ಮಡಚಿಟ್ಟ ಕರಿಕಂಬಳಿ ಅದು. ಒಂದು ಅಂಚು ಜಾಲಿಮುಳ್ಳಿಗೆ ಸಿಕ್ಕಿ ಹರಿದಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ವಸ್ತು ಇದ್ದೀತು, ಬಳಸಲೂ ಆಗದ್ದು, ಎಸೆಯಲೂ ಆಗದ್ದು.

ಪರಶುರಾಂಪುರದ ದಾರಿಯಲ್ಲಿ ಅಪ್ಪ, ದೊಡ್ಡಪ್ಪ ಕೂಡಿ ಬಾಳಿದ ಮಣ್ಣಿನ ಮನೆಯಿತ್ತು. ನಡುಮನೆಯಲ್ಲೇ ಮಗ್ಗ. ದೊಡ್ಡಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ದೊಡ್ಡವ್ವ ಕಂಬಕ್ಕೊರಗಿ ಉಣ್ಣೆ ನೂಲುತ್ತಿದ್ದಳು. ಕುದಾಪುರದ ಕಡೆಯ ಹುಲ್ಲುಗಾವಲಿಗೆ ಸರ್ಕಾರಿ ಸಂಸ್ಥೆಗಳ ಗೋಡೆ ಬರುವ ಮೊದಲಿನ ಮಾತು. ಅಲ್ಲಿ ಮೇದ ಕುರಿಗಳ ಉಣ್ಣೆ ಮೂಟೆಮೂಟೆಯಾಗಿ ನಮ್ಮ ಜಗಲಿಗೆ ಬರುತ್ತಿತ್ತು. ನೂಲನ್ನು ಅಂಗಳದುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿದು ಒಣಗಿಸುವ ದಿನ ಮನೆಯವರೆಲ್ಲರ ಕಣ್ಣು ಬಯಲಿನ ಮೇಲೆಯೇ. ಮಟಮಟ ಮಧ್ಯಾಹ್ನ ಕೆಮ್ಮಣ್ಣು ಸುತ್ತಿಕೊಂಡು ಸುಳಿಗಾಳಿ ಏಳುತ್ತಿತ್ತು. ಅದರೊಳಗೆ ಒಬ್ಬ ಹೆಂಗಸಿದ್ದಾಳೆ, ನೀರಡಿಸಿ ದಾರಿಯಲ್ಲೇ ಸತ್ತವಳು, ತನ್ನ ಮನೆ ಹುಡುಕುತ್ತ ತಿರುಗುತ್ತಾಳೆ ಎಂದು ದೊಡ್ಡವ್ವ ಹೇಳುತ್ತಿದ್ದಳು. ಊರವರೆಲ್ಲ ಅದಕ್ಕೆ ಕಾಲಿನ ಕೆರ ತೋರಿಸಿ ಥೂ ಎಂದು ಉಗಿದು ಓಡಿಸಿದರೆ, ದೊಡ್ಡವ್ವ ಮಾತ್ರ ಹೊಸ್ತಿಲ ಮುಂದೆ ಕಂಬಳಿ ಹಾಸಿ, "ಕುಂತು ಹೋಗವ್ವ, ಬಿಸ್ಲಾಗೆ ಬಂದೀಯ" ಎನ್ನುತ್ತಿದ್ದಳು. ಪಕ್ಕದ ಮನೆಯ ತಿಪ್ಪಮ್ಮ ಕೈಯಲ್ಲಿ ಕೆರ ಹಿಡಿದುಕೊಂಡೇ ಕೆಣಕುತ್ತಿದ್ದಳು: "ಯಕ್ಕಾ, ಮಜ್ಜಿಗೇನೂ ಕೊಡ್ತೀಯೇನು ನಿಮ್ಮ ನೆಂಟ್ರಿಗೆ?"

"ಮಜ್ಜಿಗೆ ಇದ್ದಿದ್ರೆ ನಿನಗೇ ಕೊಡ್ತಿದ್ನಲ್ಲೇ. ಮೊದ್ಲು ಆ ಕೆರ ಕೆಳಗಿಡು."

ಗಾಳಿ ದಾಟುವವರೆಗೆ ಮಕ್ಕಳಾದ ನಾವು ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆ ತಗ್ಗಿಸಬೇಕಿತ್ತು. ದೊಡ್ಡವ್ವ ಮಾತ್ರ ಕೂರುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ. ಬಂದವರು ಕೂರುವ ಮೊದಲು ಮನೆಯಾಕೆ ಕೂರಬಾರದು ಅಂದಿದ್ದಳು, ಅದೂ ತಿಳಿಯದೇನು ಎಂಬಂತೆ ನನ್ನನ್ನು ನೋಡಿ.

ದೊಡ್ಡಪ್ಪ ಹೋದ ಮೇಲೆ ಮಗ್ಗ ನಿಂತಿತು, ಆಮೇಲೆ ಮನೆಯ ಗೋಡೆಗಳು ಒಂದೊಂದಾಗಿ ಕೂತವು. ದೊಡ್ಡವ್ವನ ಮಗ ನಾಗಣ್ಣ ಊರ ತುದಿಯಲ್ಲಿ ಹೊಸ ಮನೆ ಕಟ್ಟಿ ತಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಹಳೆಯ ಜಾಗದಲ್ಲಿ ಶೇಂಗಾ ತುಂಬಲು ತಗಡಿನ ಶೆಡ್ಡು ಹಾಕಿದ್ದ. ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ದೊಡ್ಡವ್ವ ಹಳೇ ಅಂಗಳ ನೋಡಬೇಕೆಂದಳು. ಆ ಉರಿಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ. ಕೈ ಹಿಡಿದು ಕರೆದೊಯ್ದೆ. ಗುಂಡಿಮಗ್ಗದ ಜಾಗದಲ್ಲಿ ಎಕ್ಕದ ಗಿಡ ಬೆಳೆದಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹೊಲದ ಕಡೆಯಿಂದ ಸುಳಿಗಾಳಿ ಎದ್ದಿತು. ಅಷ್ಟು ದೊಡ್ಡದನ್ನು ನಾನು ಎಂದೂ ಕಂಡಿರಲಿಲ್ಲ. ಶೇಂಗಾ ಸಿಪ್ಪೆಯ ರಾಶಿಯನ್ನು ಎತ್ತಿಕೊಂಡು, ಬುಸುಗುಡುತ್ತ, ನೇರ ನಮ್ಮ ಕಡೆಗೆ. ಶೆಡ್ಡಿನ ಬಳಿಯಿದ್ದ ನಾಗಣ್ಣ ಕೂಗಿದ್ದು ಕೇಳಿಸಿತು: "ತಗಡು ಸಡ್ಲ ಐತೆ, ಈ ಕಡೆ ಬರ್ರಿ." ದೊಡ್ಡವ್ವ ನನ್ನ ಕೈ ಬಿಡಿಸಿಕೊಂಡಳು. ಹೊಸ್ತಿಲಿದ್ದ ಜಾಗ ಅವಳಿಗೆ ಗೊತ್ತಿತ್ತು. ಅಲ್ಲಿಗೆ ನಡೆದು, ಗಾಳಿಗೆ ಎದುರಾಗಿ, ಕಂಬಳಿ ಹಾಸಿದಳು.

ನಾನು ಓಡಿಹೋಗಿ ಅವಳನ್ನು ಎಳೆಯಬೇಕಿತ್ತು. ನನ್ನ ಮೊಣಕಾಲುಗಳು ತಾವಾಗಿಯೇ ಮಡಚಿಕೊಂಡವು. ಕೂತೆ, ತಲೆ ತಗ್ಗಿಸಿದೆ, ಮರುಕ್ಷಣವೇ ತಗಡೊಂದು ಕಿತ್ತುಬಂದು, ನಿಂತಿದ್ದರೆ ನನ್ನ ಕುತ್ತಿಗೆ ಇರುತ್ತಿದ್ದ ಎತ್ತರದಲ್ಲಿ, ಮಚ್ಚು ಬೀಸಿದ ಸದ್ದು ಮಾಡುತ್ತ ಹಾದುಹೋಯಿತು. ಆ ಸದ್ದು ಈಗಲೂ ಪಾಠ ಮಾಡುವಾಗ, ಅನ್ನ ಬಡಿಸುವಾಗ ಕಿವಿಯಲ್ಲಿ ಹಾಯುತ್ತದೆ. ಧೂಳಿನ ನಡುವೆ ದೊಡ್ಡವ್ವ ನಿಂತೇ ಇದ್ದಳು. ತಗಡು ಅವಳತ್ತಲೇ ಹೊರಟಿತ್ತು. ಆಮೇಲೆ ನೋಡಿದರೆ ಅವಳ ಪಕ್ಕದ ಮೊಂಡುಗೋಡೆಯಲ್ಲಿ ಅರ್ಧ ಹೂತುಕೊಂಡಿತ್ತು. ಅದು ಎಲ್ಲಿ ಹೊರಳಿತು, ಯಾಕೆ ಹೊರಳಿತು, ನಾನು ಕಾಣಲಿಲ್ಲ. ಕಂಬಳಿ ಇರಲಿಲ್ಲ.

ನಾಗಣ್ಣ ಓಡಿಬಂದು ತಾಯಿಯ ಮೈ ಕೈ ಮುಟ್ಟಿ ನೋಡಿದ. ಬೈಯುತ್ತಲೇ ಅವಳ ತಲೆಯ ಧೂಳು ಒರೆಸಿದ. ದೊಡ್ಡವ್ವ ಅವನ ಮಾತಿಗೆ ಕಿವಿಗೊಡದೆ ಬರಿದಾದ ನೆಲ ನೋಡುತ್ತ, "ಮನೀನೇ ಇಲ್ಲ, ಎಲ್ಲಿ ಕುಂದ್ರಬೇಕು ಆಕಿ? ಅದ್ಕೇ ಹಾಸಿದ್ದನ್ನೇ ಎತ್ಕಂಡು ಹೋದ್ಲು" ಎಂದಳು.

ಮಳೆಗಾಲದಲ್ಲಿ ಒಂದು ಬೆಳಗ್ಗೆ ದೊಡ್ಡವ್ವ ಮಲಗಿದಲ್ಲೇ ಹೋಗಿಬಿಟ್ಟಳು. ಅವಳ ಮಣ್ಣು ಮುಗಿದ ಮೇಲೆ ಕುರಿಗಾಹಿಯೊಬ್ಬ ಹಳ್ಳದಾಚೆಯ ಜಾಲಿಯಲ್ಲಿ ಸಿಕ್ಕಿದ್ದ ಕಂಬಳಿ ತಂದುಕೊಟ್ಟ. ನಾಗಣ್ಣ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರಿದ. ನಾನೇ ತಂದಿಟ್ಟುಕೊಂಡೆ.

ನಾನು ಭೌತಶಾಸ್ತ್ರ ಓದಿದವಳು. ನೆಲ ಕಾದರೆ ಗಾಳಿ ಹೇಗೆ ಏಳುತ್ತದೆ, ಹೇಗೆ ಸುತ್ತುತ್ತದೆ ಎಂದು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ನನ್ನನ್ನು ಉಳಿಸಿದ್ದು ಹೆದರಿಕೆಯೋ ದೊಡ್ಡವ್ವ ಕಲಿಸಿದ ಅಭ್ಯಾಸವೋ ಮಾತ್ರ ತಿಳಿಯುತ್ತಿಲ್ಲ. ಮನೆ ಬಿದ್ದದ್ದನ್ನು ಅವಳು ಮರೆತಿದ್ದಳೋ, ಅಥವಾ ನೆನಪಿದ್ದೂ ಬಾಗಿಲಿಗೆ ಬಂದವಳನ್ನು ಕಡೆಯ ಸಲ ಕೂರಿಸಿ ಕಳಿಸಲು ಹೋದಳೋ. ಆ ಗಾಳಿಯೊಳಗೆ ಯಾರೂ ಇರಲಿಲ್ಲ ಎಂದುಕೊಂಡರೆ ಆ ಮಾತು ನನಗೇ ಸುಳ್ಳೆನಿಸುತ್ತದೆ, ಇದ್ದಳು ಎಂದುಕೊಂಡರೂ ಹಾಗೆಯೇ.

ಮೊನ್ನೆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕಸಕಡ್ಡಿ ಸುತ್ತಿಕೊಂಡು ಪುಟ್ಟ ಸುಳಿಯೊಂದು ಎದ್ದಿತು. ನಾನು ಹೋಗಿ ಕಂಬಳಿ ತಂದು ಹೊಸ್ತಿಲಲ್ಲಿ ಹಾಸಿದೆ. ಅದೇ ವಾಸನೆ ಎದ್ದು ಬಂತು, ಮೊಣಕಾಲುಗಳು ಮಡಚಿಕೊಳ್ಳತೊಡಗಿದವು. ಆಗ ಹೊಳೆಯಿತು, ಇಲ್ಲಿ ಮನೆಯಾಕೆ ನಾನೇ. ಗಾಳಿ ದಾಟಿ ಹೋಗುವವರೆಗೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.