ಭೈರವನ ಕಿವಿಗೆ ರಾಗಿ ಮುದ್ದೆ

ಕಾಶಿಗೆ ಬಂದ ಮರುದಿನ ಬೆಳಿಗ್ಗೆ ಮಾಳಿಗೆಯ ಬಾಡಿಗೆ ಕೋಣೆಯ ಬಾಗಿಲು ತೆರೆದರೆ, ಕೆಳಮನೆಯ ಒಡತಿ ಅಮ್ಮಾಜಿ ಮೆಟ್ಟಿಲ ಮೇಲೆ ಮಲಗಿದ್ದ ಕಪ್ಪು ನಾಯಿಗೆ ಕೈಮುಗಿದು ರೊಟ್ಟಿ ತಿನ್ನಿಸುತ್ತಿದ್ದರು. ನಾಯಿಯ ಕಿವಿಯಿಂದ ಹುಳಿ ಬಂದ ಹಿಟ್ಟಿನ ವಾಸನೆ. ಅದು ತಲೆ ಕೊಡವಿದ ರಭಸಕ್ಕೆ ಕಂದು ಕೊಳೆ ಹಾರಿ ನನ್ನ ಹೊಸ ಚೂಡಿದಾರದ ಮೇಲೆ ಬಿತ್ತು. "ಹಚಾ!" ಎಂದೆ. ಅಮ್ಮಾಜಿ ಗಲ್ಲ ಬಡಿದುಕೊಂಡರು. "ಭೈರೋ ಬಾಬಾಗೆ ಹಂಗೆಲ್ಲ ಅನ್ಬಾರ್ದು, ಬಿಟಿಯಾ!"

ಬಿಟಿಯಾ ಎಂದರೆ ಮಗಳು. ಭೈರೋ ಎಂದರೆ ಕಾಲಭೈರವ, ಈ ಊರಿನ ಕಾವಲುಗಾರ. ನಾಯಿ ಅವನ ವಾಹನ, ಅದರಲ್ಲೂ ಕರಿ ನಾಯಿಯಾದರೆ ಮುಗಿದೇ ಹೋಯಿತು. ನಮ್ಮ ತುಮಕೂರಿನಲ್ಲಿ ನಾಯಿಗೆ ಹಾಕುವುದು ಉಂಡು ಮಿಕ್ಕಿದ್ದನ್ನು. ಇಲ್ಲಿ ಬಂಗಾಲಿ ಟೋಲಾದ ಗಲ್ಲಿಯಲ್ಲಿ ಅದಕ್ಕೆಂದೇ ಒಂದು ರೊಟ್ಟಿ ಬೇಯುತ್ತದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಒಬ್ಬಳೇ ಬಂದಿದ್ದ ನನಗೆ ಯಾರನ್ನು ಮಾತಾಡಿಸಬೇಕು, ಯಾವುದಕ್ಕೆ ಕೈಮುಗಿಯಬೇಕು, ಒಂದೂ ತಿಳಿಯುತ್ತಿರಲಿಲ್ಲ.

ಚಳಿಗಾಲ ಬಂದಾಗ ಆ ನಾಯಿ ಮೆಟ್ಟಿಲು ಹತ್ತಿ ನನ್ನ ಕೋಣೆಗೇ ಬಂದು ಮಲಗಿತು. ನಾನು ಕರಿಯ ಎಂದು ಕರೆದೆ. ಇಡೀ ಗಲ್ಲಿಗೆ ಭೈರೋ ಆದವನು ಮಾಳಿಗೆಯ ಮೇಲೆ ಕರಿಯನಾದ. ಕನ್ನಡ ಮಾತಾಡಲು ನನಗೊಂದು ಜೀವ ಸಿಕ್ಕಿತು. ಅದು ಕೇಳಿಸಿಕೊಳ್ಳುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಸದಾ ಕಿವಿ ಕೆರೆದುಕೊಳ್ಳುವುದು, ತಲೆಯನ್ನು ಗೋಡೆಗೆ ಉಜ್ಜುವುದು, ನೋವಿಗೆ ಕುಂಯ್ ಎನ್ನುವುದು.

ಉಪಾಯ ಹೇಳುವವರಿಗೇನು ಬರ? ಎದುರು ಅಂಗಡಿಯವನು ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಕಿವಿಗೆ ಬಿಡು ಎಂದ. ಅಮ್ಮಾಜಿ ಗಂಗಾಜಲ ಎಂದರು. ಊರಿನಿಂದ ತಂಗಿ ಫೋನಿನಲ್ಲಿ ಕೊಬ್ಬರಿ ಎಣ್ಣೆ ಎಂದಳು. ನನ್ನ ತಲೆ ಮೊಸರುಗಡಿಗೆಯಾಯಿತು. ಕೊನೆಗೆ ಆಟೋದಲ್ಲಿ ಕೂರಿಸಿಕೊಂಡು ಪಶುವೈದ್ಯೆಯ ಹತ್ತಿರ ಹೋದೆ. ಅವರು ಇದ್ಯಾವುದನ್ನೂ ಕಿವಿಗೆ ಹಾಕಬೇಡಿ ಎಂದು ಗದರಿ, ಕೊಳೆ ಒರೆಸಿ, ಹನಿ ಔಷಧಿ ಕೊಟ್ಟರು. ವಾಸಿಯಾಯಿತು. ಔಷಧಿ ಮುಗಿಯಿತು, ಮತ್ತೆ ಬಂತು. ಮತ್ತೆ ಹೋದೆ, ಮತ್ತೆ ವಾಸಿ, ಮತ್ತೆ ಶುರು.

"ರೋಗ ಕಾಣೋದು ಕಿವಿಯಲ್ಲಿ, ಮೂಲ ಅಲರ್ಜಿ," ಎಂದರು ಡಾಕ್ಟರು. "ಊಟದ್ದಿರಬಹುದು. ಧೂಳಿನದ್ದೂ ಇರಬಹುದು."

ಇರಬಹುದಂತೆ! ಯಾವುದು ಎಂದು ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೀಗೇ ಬಿಟ್ಟರೆ ಕಿವಿಯ ಒಳದಾರಿ ದಪ್ಪಗಟ್ಟಿ ಮುಚ್ಚಿಹೋಗುತ್ತದೆ, ಕಿವುಡಾಗುತ್ತದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ನಮ್ಮ ಗಲ್ಲಿಯಲ್ಲಿ ಬೈಕುಗಳು ಹಾರ್ನ್ ಒಂದನ್ನೇ ನಂಬಿ ನುಗ್ಗುತ್ತವೆ. ಕಿವುಡು ನಾಯಿ ಇಲ್ಲಿ ಎಷ್ಟು ದಿನ ಬದುಕೀತು? ಊಟದ್ದೇ ಹೌದೋ ಎಂದು ತಿಳಿಯಲು ಇದ್ದ ದಾರಿ ಒಂದೇ: ಅದು ಹುಟ್ಟಿದಾಗಿನಿಂದ ತಿನ್ನದೇ ಇರುವುದನ್ನು ಮಾತ್ರ ಎರಡು ತಿಂಗಳು ಹಾಕಿ ನೋಡಬೇಕು. ನಡುವೆ ಒಂದು ಬಿಸ್ಕತ್ತೂ ಕೂಡದು.

ಕಾಶಿಯ ನಾಯಿ ತಿನ್ನದೇ ಇರುವುದು ಯಾವುದಪ್ಪಾ? ರೊಟ್ಟಿ, ಹಾಲು, ಪೂರಿ, ಜಿಲೇಬಿ, ಕೋಳಿಯಂಗಡಿಯ ಚೂರು, ಎಲ್ಲವೂ ಆಗಿದೆ. ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಾಗ ಕಣ್ಣಿಗೆ ಬಿದ್ದದ್ದು ತಂಗಿ ಬೀಸಿಸಿ ಕಳಿಸಿದ್ದ ರಾಗಿ ಹಿಟ್ಟು, ಪಕ್ಕದಲ್ಲಿ ಹುರುಳಿಕಾಳು. ಡಾಕ್ಟರು ಆಗಬಹುದು ಎಂದರು. ಉಪ್ಪಿಲ್ಲದ ಮುದ್ದೆ, ನುಣ್ಣಗೆ ಬೇಯಿಸಿದ ಹುರುಳಿ. ತಂಗಿ ಬಾಯಿಗೆ ಬಂದಂತೆ ಬೈದಳು. "ಏನೇ ಅಕ್ಕ, ಮಿಲ್ ಮುಂದೆ ಕ್ಯೂ ನಿಂತು ಬೀಸಿಸಿದ್ದು ನಾಯಿಗೇನೇ?" ಬೈದುಕೊಂಡೇ ಇನ್ನೊಂದು ಚೀಲ ಕಳಿಸಿದಳು.

ವಾರಗಳು ಕಳೆದರೂ ಕಿವಿ ಹಾಗೇ ಇತ್ತು. ಒಂದು ಮಂಗಳವಾರ ಬ್ಯಾಂಕಿಗೆ ಹೊರಟವಳು ನೋಡುತ್ತೇನೆ, ಅಮ್ಮಾಜಿ ಬಾಗಿಲ ಮರೆಯಲ್ಲಿ ಅದರ ಬಾಯಿಗೆ ರೊಟ್ಟಿಯ ಚೂರು ಇಡುತ್ತಿದ್ದಾರೆ. ನನಗೆ ಎಲ್ಲಿತ್ತೋ ಸಿಟ್ಟು. "ನೀವೇ ಇದನ್ನ ಕಿವುಡು ಮಾಡ್ತಿದೀರಿ!" ಎಂದು ಕೂಗಿದೆ.

"ದೇವರ ಪಾಲಿಗೆ ಅಡ್ಡ ನಿಲ್ಲೋಕೆ ನೀನ್ಯಾರು? ನಾಳೆ ವರ್ಗ ಆಗುತ್ತೆ, ಗಂಟುಮೂಟೆ ಕಟ್ಕೊಂಡು ಹೋಗ್ತೀಯ. ಇವನು ಇಲ್ಲಿಯವನು."

ನಾನು ಬ್ಯಾಂಕಿಗೆ ಹೊರಟುಬಿಟ್ಟೆ. ಆಮೇಲೆ ಕೆಳಗಿನಿಂದ ಚಹಾ ಬರುವುದು ನಿಂತಿತು. ಇಷ್ಟು ಜನರ ಊರಿನಲ್ಲಿ ನನ್ನನ್ನು ಮಗಳೇ ಎನ್ನುತ್ತಿದ್ದವರು ಅವರೊಬ್ಬರೇ ಎಂದು ಆಗ ಹೊಳೆದು, ಅಳು ಬಂತು.

ಕೊನೆಗೆ ಒಂದು ದಿನ ಅವರೇ ಮೆಟ್ಟಿಲು ಹತ್ತಿ ಬಂದರು. "ನಮ್ಮ ರೊಟ್ಟಿಗಿಂತ ದೊಡ್ಡದು ಅದೇನು ಹಾಕ್ತೀಯೋ, ತೋರಿಸು." ತಟ್ಟೆಯಲ್ಲಿದ್ದ ಮುದ್ದೆಯನ್ನು ಚಿವುಟಿ ಮೂಸಿದವರು ಮತ್ತೊಮ್ಮೆ ಮೂಸಿದರು. "ಅರೇ! ಇದು ಮಡುವಾ!"

ಅವರ ತವರು ಇಲ್ಲಿಂದ ಪೂರ್ವಕ್ಕೆ, ಬಲಿಯಾ ಕಡೆಯ ಹಳ್ಳಿ; ರಾಗಿಗೆ ಅಲ್ಲಿ ಮಡುವಾ ಎನ್ನುತ್ತಾರೆ. ಅಲ್ಲಿ ಜಿತಿಯಾ ಎಂಬ ವ್ರತವಿದೆ. ಮಕ್ಕಳ ಆಯುಸ್ಸಿಗಾಗಿ ತಾಯಂದಿರು ಉಪವಾಸ ಹಿಡಿಯುವ ಹಿಂದಿನ ದಿನ ಮಡುವಾ ಹಿಟ್ಟಿನ ರೊಟ್ಟಿ ತಿನ್ನುತ್ತಾರಂತೆ. "ಅಮ್ಮ ಹೋದ ಮೇಲೆ ನಾನಿದನ್ನ ಕಣ್ಣಲ್ಲೂ ಕಂಡಿಲ್ಲ," ಎನ್ನುತ್ತ ಮುದ್ದೆಯ ತುಣುಕನ್ನು ಬಾಯಿಗೆ ಹಾಕಿಕೊಂಡರು.

ನಾನು ಪೆಚ್ಚಾದೆ. ನಮ್ಮ ರಾಗಿ ಎಂದು ನಾನು ಜಂಬಪಟ್ಟದ್ದು ಇವರ ತವರಿನ ವ್ರತದ ಊಟ! ಇನ್ನೊಂದು ದಿಗಿಲೂ ಹುಟ್ಟಿತು. "ಹಾಗಾದ್ರೆ ಕರಿಯ ಇದನ್ನ ಮೊದಲೇ ತಿಂದಿರಬಹುದಾ?"

"ಈ ಗಲ್ಲೀಲಿ ಯಾರು ಮಾಡ್ತಾರೆ, ಹುಚ್ಚಿ?"

"ಹಾಗಾದ್ರೆ ಇನ್ಮೇಲೆ ನೀವೇ ತಿನ್ನಿಸಿ, ಅಮ್ಮಾಜಿ. ದೇವರಿಗೆ ನಿಮ್ಮ ಕೈಯೇ ಬೇಕು."

ಅಲ್ಲಿಂದ ಮುಂದೆ ಅವರ ದರ್ಬಾರು. ಕೈಮುಗಿದು ಮುದ್ದೆ ತಿನ್ನಿಸುವುದು, ಬಿಸ್ಕತ್ತು ಹಿಡಿದು ಬಂದ ಯಾತ್ರಿಕರನ್ನು ಓಡಿಸುವುದು. ಕಿವಿ ಒಣಗಿ, ವಾಸನೆ ಹೋಗಿ, ಒಳಗೆಲ್ಲ ತಿಳಿಗುಲಾಬಿ ಬಣ್ಣ ಬಂತು. ಖಾತ್ರಿ ಮಾಡಿಕೊಳ್ಳಲು ಮತ್ತೆ ಸ್ವಲ್ಪ ದಿನ ಬರೀ ಗೋಧಿ ರೊಟ್ಟಿ ಸೇರಿಸಿ ನೋಡಿ ಎಂದರು ಡಾಕ್ಟರು. ಅಮ್ಮಾಜಿ ಹಿಗ್ಗಿ ಹೀರೇಕಾಯಿಯಾಗಿ ರೊಟ್ಟಿ ತಟ್ಟಿದರು. ವಾರ ತುಂಬುವ ಮೊದಲೇ ಅದು ತಲೆಯನ್ನು ಗೋಡೆಗೆ ಉಜ್ಜತೊಡಗಿತು.

"ಇಷ್ಟು ವರ್ಷ ನೋವನ್ನೇ ತಿನ್ನಿಸಿದೆನಾ, ಬಿಟಿಯಾ?" ಎಂದು ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಪ್ರೀತಿಯಿಂದ ಕೊಟ್ಟದ್ದೂ ಮೈಗೆ ಒಗ್ಗದಿರಬಹುದೆಂದು ಅವರಿಗೆ ಹೇಗೆ ಹೇಳಲಿ? ಅವರ ಬೆನ್ನು ಸವರಿದೆ. ಹನಿ ಔಷಧಿ ಹಾಕಿ ಮತ್ತೆ ಮುದ್ದೆಗೆ ಮರಳಿದೆವು.

ಈಗ ತುಮಕೂರಿಗೆ ವರ್ಗದ ಆದೇಶ ಬಂದಿದೆ. ಬೇಕೆಂದು ಕೇಳಿಕೊಂಡವಳು ನಾನೇ. ಅಮ್ಮಾಜಿ ಬಲಿಯಾದಿಂದ ಮಡುವಾ ತರಿಸಿ ಡಬ್ಬಿ ತುಂಬಿಸಿಟ್ಟಿದ್ದಾರೆ. "ನೀನು ಹೋಗು, ನಾನು ನೋಡ್ಕೋತೀನಿ," ಎನ್ನುತ್ತಾರೆ. ಮರುಗಳಿಗೆಯೇ, "ಬೇಕಾದ್ರೆ ಕರ್ಕೊಂಡೇ ಹೋಗು," ಎಂದು ಮುಖ ತಿರುಗಿಸುತ್ತಾರೆ.

ನಿನ್ನೆ ಬೆಳಿಗ್ಗೆ ನಾನು ಮೇಲಿನಿಂದ "ಕರಿಯಾ" ಎಂದೆ. ಅದೇ ಹೊತ್ತಿಗೆ ಅವರು ಕೆಳಗಿನಿಂದ "ಭೈರೋ" ಎಂದರು. ಮೊದಲಾಗಿದ್ದರೆ ಕಿವಿ ಕೆರೆದುಕೊಳ್ಳುತ್ತ ಎರಡಕ್ಕೂ ತಿರುಗುತ್ತಿರಲಿಲ್ಲ. ಈಗ ಮೆಟ್ಟಿಲ ನಡುವೆ ನಿಂತು ಒಮ್ಮೆ ನನ್ನತ್ತ, ಒಮ್ಮೆ ಅವರತ್ತ ನೋಡಿತು. ಮತ್ತೆ ಕರೆಯಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.